ಹಳೆಯ ಏರ್‌ಗೆ ಯಾವ ಓಎಸ್?

ನಿಮ್ಮ 2013ರ ಮ್ಯಾಕ್‌ಬುಕ್ ಏರ್ ಗಟ್ಟಿಯಾಗಿಯೇ ಇದೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಆ್ಯಪಲ್ ಅದಕ್ಕೆ ಕೊಟ್ಟ ಕೊನೆಯ ಆವೃತ್ತಿ 2020ರ ಬಿಗ್ ಸರ್. ಅದರ ಭದ್ರತಾ ಅಪ್‌ಡೇಟ್‌ಗಳ ಕಾಲ ಮುಗಿದಿದೆ. ಬ್ಯಾಂಕ್ ವ್ಯವಹಾರವೂ ಅದರಲ್ಲೇ ಅಂದಿರಲ್ಲ, ನನಗೆ ಆತಂಕ ಅದೇ.

4 ಜಿಬಿ ರ್‍ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಹೆಚ್ಚಿಸಲು ಬರುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿ. 2029ರವರೆಗೆ ಅಪ್‌ಡೇಟ್ ಇದೆ. ಸಿನಮನ್ ಆವೃತ್ತಿ ಚೆಂದವೇ, ಆದರೆ ಇಷ್ಟು ರ್‍ಯಾಮಿಗೆ ಭಾರ.

ಮೊದಲು ಫೋಟೊ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ನೋಡಿ. ವೈಫೈ ಕಾಣದಿದ್ದರೆ ಗಾಬರಿ ಬೇಡ: ಈ ಮಾದರಿಯ ಬ್ರಾಡ್‌ಕಾಮ್ ಚಿಪ್‌ಗೆ ಪ್ರತ್ಯೇಕ ಡ್ರೈವರ್ ಬೇಕು. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಇಳಿಸಿಕೊಳ್ಳಿ. ಕನ್ನಡಕ್ಕೆ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ.