ಮೂತ್ರ ಹಿಮ್ಮುಖವಾಗಿ ಹರಿಯುವ ಮಕ್ಕಳು: ದಿನವೂ ಆ್ಯಂಟಿಬಯೋಟಿಕ್ ಬೇಕೇ?

ಪುಟ್ಟ ಮಗುವಿಗೆ ಜ್ವರ ಬಂದರೆ ನಮಗೆ ಮೊದಲು ನೆನಪಾಗುವುದು ಶೀತ, ಹಲ್ಲು ಮೂಡುವುದು ಅಥವಾ ದೃಷ್ಟಿ ತಾಗಿರುವುದು. ಮೂತ್ರದ ಸೋಂಕು ನೆನಪಿಗೆ ಬರುವುದೇ ಇಲ್ಲ. ಆದರೆ ನೆಗಡಿ, ಕೆಮ್ಮು, ಭೇದಿ ಏನೂ ಇಲ್ಲದೆ ಜ್ವರ ಬರುವ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದನ್ನೂ ಪರೀಕ್ಷಿಸಬೇಕು. ಇಂತಹ ಸೋಂಕು ಮತ್ತೆ ಮತ್ತೆ ಬರುವ ಕೆಲವು ಮಕ್ಕಳಲ್ಲಿ ಮೂತ್ರ ಹಿಮ್ಮುಖವಾಗಿ ಹರಿಯುತ್ತಿರುತ್ತದೆ. ಆಗ ವೈದ್ಯರು ತಿಂಗಳುಗಟ್ಟಲೆ ಪ್ರತಿ ರಾತ್ರಿ ಆ್ಯಂಟಿಬಯೋಟಿಕ್ ಕೊಡಲು ಹೇಳಬಹುದು. "ಆಡಿಕೊಂಡಿರುವ ಮಗುವಿಗೆ ಔಷಧ ಏಕೆ?" ಎಂದು ಹೆತ್ತವರು ಕೇಳುವುದು ಸಹಜ.

ಏನಿದು ಹಿಮ್ಮುಖ ಹರಿವು?

ಮೂತ್ರಪಿಂಡದಲ್ಲಿ ತಯಾರಾದ ಮೂತ್ರ ಎರಡು ನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿಯುತ್ತದೆ. ನಾಳವು ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಹಾದುಬರುವುದರಿಂದ ಕೋಶ ತುಂಬಿದಾಗ ನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಭಾಗ ಗಿಡ್ಡವಾಗಿದ್ದು ಮೂತ್ರ ಮೇಲಕ್ಕೆ ಮರಳುತ್ತದೆ. ಅದರೊಂದಿಗೆ ರೋಗಾಣುಗಳೂ ಮೂತ್ರಪಿಂಡಕ್ಕೆ ಏರಿದರೆ ಅಲ್ಲಿ ಕಲೆ ಉಳಿಯಬಹುದು. ಕಲೆಗಳು ಹೆಚ್ಚಿದರೆ ಮುಂದೆ ರಕ್ತದೊತ್ತಡ, ಮೂತ್ರಪಿಂಡದ ವೈಫಲ್ಯದ ಅಪಾಯವಿದೆ.

ಇದರಲ್ಲಿ 1ರಿಂದ 5ರವರೆಗೆ ದರ್ಜೆಗಳಿವೆ. 1 ಮತ್ತು 2ನೇ ದರ್ಜೆಯದು ಮಗು ಬೆಳೆದಂತೆ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. 4 ಮತ್ತು 5ನೇ ದರ್ಜೆಯದು ಸುಲಭವಾಗಿ ಹೋಗುವುದಿಲ್ಲ. ಒಡಹುಟ್ಟಿದವರಲ್ಲೂ ಇದು ಇರುವ ಸಾಧ್ಯತೆ ಹೆಚ್ಚು.

ಪತ್ತೆ ಹೇಗೆ?

ಮೊದಲನೆಯದು ಮೂತ್ರದ ಕಲ್ಚರ್ ಪರೀಕ್ಷೆ. ಆ್ಯಂಟಿಬಯೋಟಿಕ್ ಶುರುಮಾಡುವ ಮುನ್ನವೇ ಮೂತ್ರ ಸಂಗ್ರಹಿಸಬೇಕು. ಮೆಡಿಕಲ್ ಸ್ಟೋರಿನಿಂದ ತಂದ ಸಿರಪ್ ಎರಡು ದಿನ ಕುಡಿಸಿ ಆಮೇಲೆ ಪರೀಕ್ಷೆ ಮಾಡಿಸಿದರೆ ರೋಗಾಣು ಸಿಗದೇ ಹೋಗಬಹುದು. ನಂತರ ಹೊಟ್ಟೆಯ ಅಲ್ಟ್ರಾಸೌಂಡ್. ಅಗತ್ಯವಿದ್ದರೆ ಮೂತ್ರಕೋಶಕ್ಕೆ ಬಣ್ಣದ ದ್ರವ ತುಂಬಿಸಿ ತೆಗೆಯುವ ಎಂಸಿಯು ಎಕ್ಸ್‌ರೇ. ಹಿಮ್ಮುಖ ಹರಿವಿನ ದರ್ಜೆ ಗೊತ್ತಾಗುವುದು ಇದರಿಂದಲೇ. ಮೂತ್ರಪಿಂಡದ ಕಲೆಯನ್ನು ತೋರಿಸುವುದು ಡಿಎಂಎಸ್‌ಎ ಸ್ಕ್ಯಾನ್.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಬಹುದು. ಮುಂದಿನ ತಪಾಸಣೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗವಿದೆ. ಕೆಲವು ಪರೀಕ್ಷೆಗಳಿಗೆ ಮೈಸೂರು ಅಥವಾ ಬೆಂಗಳೂರಿಗೆ ಹೋಗಬೇಕಾಗಬಹುದು. ಎಲ್ಲ ವರದಿಗಳನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ದಿನದ ಔಷಧ ಯಾರಿಗೆ?

ಹಿಂದೆ ಹಿಮ್ಮುಖ ಹರಿವಿದ್ದ ಹೆಚ್ಚಿನ ಮಕ್ಕಳಿಗೆಲ್ಲ ಕೊಡುತ್ತಿದ್ದರು. ಈಗ ಆಯ್ದು ಕೊಡುತ್ತಾರೆ. ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧ ಪಡೆದ 302 ಮಕ್ಕಳ ಪೈಕಿ 39 ಮಂದಿಗೆ, ಪಡೆಯದ 305ರಲ್ಲಿ 72 ಮಂದಿಗೆ ಎರಡು ವರ್ಷಗಳಲ್ಲಿ ಮತ್ತೆ ಸೋಂಕು ಬಂತು. ಸೋಂಕು ಕಡಿಮೆಯಾಯಿತು, ನಿಜ. ಆದರೆ ಮೂತ್ರಪಿಂಡದ ಕಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆಯುತ್ತಿದ್ದವರಿಗೆ ಸೋಂಕು ಬಂದಾಗ ಅದು ಆ ಔಷಧಕ್ಕೆ ಬಗ್ಗದ ರೋಗಾಣುವಿನಿಂದಲೇ ಬರುವುದು ಹೆಚ್ಚಾಗಿತ್ತು. ದೆಹಲಿಯ ಏಮ್ಸ್‌ನಲ್ಲಿ 93 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಈ ಔಷಧದಿಂದ ಲಾಭವೇ ಕಾಣಲಿಲ್ಲ.

ಹೀಗಾಗಿ ಹೆಚ್ಚಿನ ದರ್ಜೆಯ ಹರಿವುಳ್ಳ ಹಸುಳೆಗಳು ಮತ್ತು ಪದೇ ಪದೇ ಜ್ವರದೊಂದಿಗೆ ಸೋಂಕು ಬರುವ ಮಕ್ಕಳಿಗೆ ಮಾತ್ರ ಇದನ್ನು ಮುಖ್ಯವಾಗಿ ಸೂಚಿಸುತ್ತಾರೆ. ಒಮ್ಮೆ ಸೋಂಕು ಬಂದು ಮೂತ್ರಾಂಗಗಳು ಸರಿಯಾಗಿಯೇ ಇರುವ ಮಗುವಿಗೆ ಇದು ಬೇಕಿಲ್ಲ.

ಕೊಡುವಾಗ ಗಮನಿಸಿ

* ಇದು ಚಿಕಿತ್ಸೆಯ ಪ್ರಮಾಣಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾಗಿ ಮಲಗುವ ಮುನ್ನ ಒಂದೇ ಬಾರಿ ಕೊಡುವುದು. ಇಶಾ ನಮಾಝಿನ ಹೊತ್ತಿಗೆ ಕೊಡುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ.
* ಬಾಟಲಿ ಕುಲುಕಿ, ಅಳತೆಯ ಮುಚ್ಚಳದಲ್ಲೇ ಕೊಡಿ. ಅಡುಗೆ ಮನೆಯ ಚಮಚ ಬೇಡ.
* ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಕೊಡಬೇಡಿ.
* ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಕಂಡರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರಿಗೆ ತೋರಿಸಿ.
* ಎರಡು ತಿಂಗಳೊಳಗಿನ ಹಸುಳೆಗೆ ಸಲ್ಫಾ ಬೆರೆತ ಕೋಟ್ರೈಮಾಕ್ಸಜೋಲ್ ಕೊಡಬಾರದು. ಅಣ್ಣನ ಔಷಧ ತಮ್ಮನಿಗೆ ಕುಡಿಸಬೇಡಿ.

"ಮಗು ಚೆನ್ನಾಗಿದೆ" ಎಂದು ನಾವೇ ನಿಲ್ಲಿಸುವುದೂ ತಪ್ಪು, ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಕೊಡುತ್ತಾ ಹೋಗುವುದೂ ತಪ್ಪು. ಮಗುವಿಗೆ ಎರಡು ವರ್ಷ ದಾಟಿ, ಶೌಚದ ಹತೋಟಿ ಬಂದು, ಮಲಬದ್ಧತೆಯಿಲ್ಲದೆ, ಹಿಂದಿನ ಒಂದು ವರ್ಷ ಜ್ವರದ ಸೋಂಕು ಬಾರದಿದ್ದರೆ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಖತ್ನಾ ಮತ್ತು ಶುಚಿತ್ವ

ಖತ್ನಾ ಗಂಡುಮಕ್ಕಳಲ್ಲಿ ಮೂತ್ರದ ಸೋಂಕನ್ನು ಕಡಿಮೆ ಮಾಡುತ್ತದೆ. 2005ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಸಾಮಾನ್ಯ ಗಂಡುಮಕ್ಕಳಲ್ಲಿ ಒಂದು ಸೋಂಕು ತಪ್ಪಬೇಕಾದರೆ 111 ಮಂದಿಗೆ ಖತ್ನಾ ಆಗಬೇಕು. ತೀವ್ರ ಹಿಮ್ಮುಖ ಹರಿವಿನವರಲ್ಲಿ ನಾಲ್ವರಿಗೆ ಆದರೆ ಸಾಕು. ಆದ್ದರಿಂದ ಇಂತಹ ಮಗುವಿಗೆ ಐದಾರು ವರ್ಷವಾಗಲೆಂದು ಕಾಯದೆ, ಸರ್ಜನ್ ಬಳಿ ಬೇಗನೆ ಮಾಡಿಸುವ ಬಗ್ಗೆ ವೈದ್ಯರೊಡನೆ ಮಾತಾಡಿ. ಆದರೆ ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ ಖತ್ನಾ ಮಾಡಿಸಬಾರದು. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗುತ್ತದೆ.

ಹೆಣ್ಣುಮಕ್ಕಳಿಗೆ ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಲು ಕಲಿಸಿ. ಶಾಲೆ, ಮದ್ರಸಾದ ಶೌಚಾಲಯ ಕೊಳಕಾಗಿದ್ದರೆ ಮಕ್ಕಳು ನೀರು ಕುಡಿಯದೆ, ಮೂತ್ರ ತಡೆದು ಕೂರುತ್ತಾರೆ. ಅದನ್ನು ಸ್ವಚ್ಛವಾಗಿಡಿಸುವುದು ಹಿರಿಯರ ಹೊಣೆ. ಮಲಬದ್ಧತೆಯೂ ಸೋಂಕಿಗೆ ದಾರಿ. ಹಣ್ಣು, ಸೊಪ್ಪು, ನೀರು ಸಾಕಷ್ಟಿರಲಿ.

ಕೊನೆಯದಾಗಿ, ದಿನವೂ ಔಷಧ ಕೊಡುತ್ತಿದ್ದೇವೆಂದು ಮೈಮರೆಯಬೇಡಿ. ಔಷಧದ ನಡುವೆಯೂ ಸೋಂಕು ಬರಬಹುದು. ಜ್ವರ, ವಾಂತಿ, ಮೂತ್ರ ಮಾಡುವಾಗ ಅಳು, ಹಾಲು ಕುಡಿಯದಿರುವುದು ಕಂಡರೆ ಅಂದೇ ಮೂತ್ರ ಪರೀಕ್ಷೆ ಮಾಡಿಸಿ, ಯಾವ ಔಷಧ ನಡೆಯುತ್ತಿದೆ ಎಂದು ತಿಳಿಸಿ. ಮೂತ್ರಪಿಂಡಕ್ಕೆ ಕಲೆ ಬೀಳದಂತೆ ಕಾಯುವುದರಲ್ಲಿ ಬೇಗ ಸಿಕ್ಕ ಚಿಕಿತ್ಸೆಯ ಪಾಲು ದೊಡ್ಡದು.