ಮೆಣಸಿನ ಲೆಕ್ಕದಲ್ಲಿ ತಪ್ಪಿದ ಛೇದ

ಸಂಪಾಜೆಯ ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಅಂಕಣಕಾರ ಲ್ಯಾಪ್‌ಟಾಪ್ ಬಿಡಿಸಿ ಕುಳಿತಿದ್ದ. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಪಕ್ಕದಲ್ಲಿ ಚಿಕ್ಕಪ್ಪನ ಲೆಕ್ಕದ ಪುಸ್ತಕ: 2016ರಲ್ಲಿ ಕಾಳುಮೆಣಸು ಕಿಲೋಗೆ 700 ರೂಪಾಯಿ, 2020ರಲ್ಲಿ 300. ನಡುವೆ, 2017ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ಕಟ್ಟಿದ್ದರೂ ಇಳಿತ ನಿಂತಿರಲಿಲ್ಲ.

ಪೈಥಾನ್‌ನಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದ. ಬಂದದ್ದು ಮೈನಸ್ 133.33.

"ಚಿಕ್ಕಪ್ಪ, ಮೆಣಸು ಶೇ 133 ಇಳಿದಿದೆ."

"ನೂರಕ್ಕೆ ನೂರು ಇಳಿದರೇ ಪುಕ್ಕಟೆ ಆಯ್ತಲ್ಲ ಮಾರಾಯ! ಇನ್ನೂ ಮೂವತ್ತಮೂರು ಇಳಿಯಬೇಕಾದರೆ ಮೆಣಸಿನ ಜೊತೆ ದುಡ್ಡನ್ನೂ ನಾನೇ ಕೊಟ್ಟು ಕಳಿಸಬೇಕಾ?"

ತಪ್ಪು ಛೇದದಲ್ಲಿತ್ತು. 400 ರೂಪಾಯಿಯ ಇಳಿಕೆಯನ್ನು ಹಳೆ ದರದಿಂದ ಭಾಗಿಸಬೇಕಿತ್ತು, ಅವನು ಹೊಸ ದರದಿಂದ ಭಾಗಿಸಿದ್ದ. ಎಕ್ಸ್, ವೈ ಎಂದು ಹೆಸರಿಟ್ಟರೆ ಯಾವುದು ಯಾವುದೆಂದು ಮರೆಯುವುದು ಸುಲಭ. ಪೈಥಾನ್ 3 ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ. ಅಳಿಸಿ ಬರೆದ:

ಬದಲಾವಣೆ = (ಹೊಸ - ಹಳೆ) / ಹಳೆ * 100

ಈ ಸಲ ಮೈನಸ್ 57.14. ಚಿಕ್ಕಪ್ಪ ತಲೆಯಾಡಿಸಿದರು.

ಹಾಗೆಂದು ಆ 133 ಪೂರ್ತಿ ಸುಳ್ಳಲ್ಲ, ಅದು ಬೇರೆ ಪ್ರಶ್ನೆಯ ಉತ್ತರ. 300ಕ್ಕೆ ಕುಸಿದ ಮೆಣಸು ಮತ್ತೆ 700 ಮುಟ್ಟಬೇಕಾದರೆ ಶೇ 133.33 ಏರಬೇಕು. ಇಳಿದದ್ದೂ 400, ಏರಬೇಕಾದದ್ದೂ 400. 'ಶೇ 57 ಬಿದ್ದಿದೆ, ಶೇ 57 ಎದ್ದರೆ ಸಾಕು' ಎಂದು ಮೂಟೆ ಕಟ್ಟಿಟ್ಟು ಕಾಯುವವರಿಗೆ 471 ರೂಪಾಯಿಯಷ್ಟೇ ಸಿಗುತ್ತದೆ.

ಸಾಲದ ಬಡ್ಡಿಯಲ್ಲೂ ಇದೇ ಗೊಂದಲ. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇಯಲ್ಲಿ ಶೇ 4 ಇದ್ದದ್ದು 2023ರ ಫೆಬ್ರುವರಿಗೆ ಶೇ 6.5 ಆಯಿತು. ಏರಿದ್ದು ಎರಡೂವರೆ ಶೇಕಡಾ ಅಂಶ. ಮೇಲಿನ ಸೂತ್ರಕ್ಕೆ ಹಾಕಿದರೆ ಶೇ 62.5. ಎರಡೂ ಸರಿ. ಮನೆಸಾಲದ ಅಂಕಣದಲ್ಲಿ ಒಂದನ್ನು ಬರೆಯುವ ಕಡೆ ಇನ್ನೊಂದನ್ನು ಬರೆದು ಅಂಕಣಕಾರ ಹಿಂದೊಮ್ಮೆ ಓದುಗರಿಂದ ಬೈಸಿಕೊಂಡಿದ್ದ.

ಲೆಕ್ಕದ ಪುಸ್ತಕದಲ್ಲಿ ಕೊನೆಗೆ ಉಳಿದದ್ದು ರಬ್ಬರಿನ ಸಾಲು. ಹಳದಿ ಎಲೆ ರೋಗಕ್ಕೆ ಅಡಿಕೆ ಹೋದ ಜಾಗದಲ್ಲಿ ನೆಟ್ಟ ಗಿಡಗಳಿಗೆ ಆ ವರ್ಷವಷ್ಟೇ ಟ್ಯಾಪಿಂಗ್ ಆರಂಭವಾಗಿತ್ತು. ಹಿಂದಿನ ವರ್ಷದ ಆದಾಯ 0, ಆ ವರ್ಷ 18,000. ಸೊನ್ನೆಯಿಂದ ಭಾಗಿಸಲಾಗದೆ ಪ್ರೋಗ್ರಾಂ ಅಲ್ಲೇ ನಿಂತಿತು. ಹಳೆ ಸಂಖ್ಯೆ ಸೊನ್ನೆಯಾಗಿದ್ದರೆ ಶೇಕಡಾವಾರು ತೋರಿಸದೆ ಏನಾದರೂ ಪದ ತೋರಿಸಬೇಕು. ಯಾವ ಪದ ಎಂದು ಯೋಚಿಸುತ್ತ ಪುಸ್ತಕದತ್ತ ಬಗ್ಗಿದ. ರಬ್ಬರಿನ ಎದುರು ಚಿಕ್ಕಪ್ಪ ಪೆನ್ಸಿಲ್‌ನಲ್ಲಿ ಆಗಲೇ ಬರೆದಿಟ್ಟಿದ್ದರು: 'ಈ ವರ್ಷ ಶುರು.'