ಈಜುಕೊಳದ ಗಡಸು ನೀರು: ಮಕ್ಕಳು ಇಳಿಯುವ ಮೊದಲು

ಬೇಸಿಗೆ ರಜೆ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿ ಮೊಮ್ಮಕ್ಕಳ ಗಲಾಟೆ. ಹಿಂದಿನವರು ಹಳ್ಳದ ಗುಂಡಿಯಲ್ಲಿ ಈಜು ಕಲಿತರು. ಈಗ ಕೆಲವು ಮನೆಗಳ ಅಂಗಳದ ಪಕ್ಕದಲ್ಲೇ ನೀಲಿ ಬಿಲ್ಲೆ ಹಾಕಿದ ಈಜುಕೊಳ ಇದೆ; ಹೋಂಸ್ಟೇ ನಡೆಸುವವರಿಗಂತೂ ಅದು ಬೇಕೇ ಬೇಕು. ಎರಡು ದಿನ ಈಜಿದ ಮೇಲೆ ಮಕ್ಕಳಿಗೆ ಮೈ ತುರಿಕೆ, ಕಣ್ಣು ಕೆಂಪು, ಕೂದಲು ತೆಂಗಿನ ನಾರು. "ಬೋರ್‌ವೆಲ್ ನೀರು ಡಾಕ್ಟ್ರೇ, ಗಡಸು" ಎಂದು ಅಜ್ಜಿ ದೂರುತ್ತಾರೆ. ಅಜ್ಜಿಯ ಮಾತು ಅರ್ಧ ನಿಜ. ಉಳಿದರ್ಧ ಸ್ವಲ್ಪ ವಿವರಿಸಿ ಹೇಳಬೇಕಾದದ್ದು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಹಂಡೆಯ ತಳದಲ್ಲಿ ಬಿಳಿ ಕಲ್ಲು ಕಟ್ಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು.

ನಮ್ಮ ಮಲೆನಾಡಿನ ಅಬ್ಬಿ ನೀರು ಇದಕ್ಕೆ ತೀರ ವಿರುದ್ಧ. ಸಾವಿರಾರು ವರ್ಷ ಮಳೆ ಸುರಿದು ಈ ಮಣ್ಣಿನ ಸುಣ್ಣದಂಶವೆಲ್ಲ ತೊಳೆದು ಹೋಗಿದೆ. ಅಡಿಕೆ ದಂಬೆಯಲ್ಲಿ ಹರಿದು ಬರುವ ನೀರು ಎಷ್ಟು ಮೆದುವೆಂದರೆ ಮೈಗೆ ಹಚ್ಚಿದ ಸೋಪು ಹೋಗುವುದೇ ಇಲ್ಲ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಅಬ್ಬಿ ಸಣ್ಣದಾಗಿ, ಹೊಂಡದಲ್ಲಿ ಉಳಿದದ್ದು ಕಾಫಿ ಗಿಡಗಳ ಸ್ಪ್ರಿಂಕ್ಲರಿಗೆ ಹೋದಾಗ, ಈಜುಕೊಳಕ್ಕೆ ಬೋರ್‌ವೆಲ್ಲೇ ಗತಿ. ಆಳದ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಕಡೂರಿನ ಬಯಲು ಸೀಮೆಯತ್ತ ಹೋದಷ್ಟೂ ಈ ತೊಂದರೆ ಹೆಚ್ಚು.

ಒಂದು ಲೆಕ್ಕ ನೋಡಿ. 50,000 ಲೀಟರಿನ ಕೊಳಕ್ಕೆ 400 ಮಿಲಿಗ್ರಾಂ ಗಡಸುತನದ ನೀರು ತುಂಬಿದರೆ 20 ಕಿಲೋ ಸುಣ್ಣದ ಕಲ್ಲನ್ನು ಕರಗಿಸಿ ಹಾಕಿದಂತೆ. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದದ್ದನ್ನು ಮತ್ತೆ ಅದೇ ನೀರಿನಿಂದ ತುಂಬಿಸುತ್ತೀರಿ. ಇದರ ಮೇಲೆ ಕ್ರಿಮಿ ಸಾಯಲೆಂದು ಬ್ಲೀಚಿಂಗ್ ಪೌಡರ್ ಹಾಕುತ್ತೀರಿ. ಅದರಲ್ಲೂ ಸುಣ್ಣವೇ! ಹೀಗೆ ಕೊಳದ ನೀರು ವಾರದಿಂದ ವಾರಕ್ಕೆ ಇನ್ನಷ್ಟು ಗಡಸಾಗುತ್ತದೆ.

ಇದರಿಂದ ಆರೋಗ್ಯಕ್ಕೆ ಏನು ಕೆಡುಕು? ಗಡಸುತನ ತಾನೇ ವಿಷವಲ್ಲ. ಕುಡಿಯುವ ನೀರಿನ ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಹಾಕಿಲ್ಲ. ಒಣ ಚರ್ಮದವರಿಗೆ, ಇಸುಬು ಇರುವ ಮಕ್ಕಳಿಗೆ ಸೋಪಿನ ಜಿಡ್ಡು ಮೈಗೆ ಅಂಟಿ ತುರಿಕೆ ಹೆಚ್ಚಬಹುದು. ಇಂಗ್ಲೆಂಡಿನಲ್ಲಿ ಇಸುಬಿನ ಮಕ್ಕಳಿದ್ದ ಮನೆಗಳಿಗೆ ನೀರು ಮೆದು ಮಾಡುವ ಯಂತ್ರವನ್ನೇ ಜೋಡಿಸಿ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ದುಬಾರಿ ಯಂತ್ರ ಕೊಳ್ಳುವ ಮೊದಲು ಇದನ್ನು ನೆನಪಿಡಿ. ಕಣ್ಣು ಕೆಂಪಾಗುವುದಕ್ಕೆ ಹೆಚ್ಚಿನ ಪಾಲು ಕಾರಣ ಬೇರೆಯೇ: ಬೆವರು ಮತ್ತು ಮೂತ್ರ ಕ್ಲೋರಿನ್ ಜೊತೆ ಸೇರಿ ಆಗುವ ಕ್ಲೋರಮಿನ್‌ಗಳು. ಮೂಗಿಗೆ ಅಡರುವ 'ಕ್ಲೋರಿನ್ ವಾಸನೆ'ಯೂ ಅವುಗಳದೇ. ಸ್ನಾನ ಮಾಡಿ, ಬಚ್ಚಲಿಗೆ ಹೋಗಿ ಬಂದು ಕೊಳಕ್ಕೆ ಇಳಿಯಿರಿ ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ.

ನಿಜವಾದ ಅಪಾಯ ಎರಡು ಕಡೆಯಿಂದ ಬರುತ್ತದೆ. ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲುತ್ತದೆ, ಅಂದರೆ ಪಿ.ಎಚ್. ಏರುತ್ತದೆ. ಪಿ.ಎಚ್. 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿತೋ, ಕಾಲು ಭಾಗ ಮಾತ್ರ. ಪೌಡರ್ ಹಾಕಿದ್ದೇವೆಂಬ ಧೈರ್ಯದಲ್ಲಿ ನೀವಿರುತ್ತೀರಿ. ಭೇದಿಯ, ಕಿವಿ ಸೋರುವಿಕೆಯ ಕ್ರಿಮಿಗಳು ಹಾಯಾಗಿರುತ್ತವೆ. ಎರಡನೆಯದು, ಸುಣ್ಣ ಬೇರ್ಪಟ್ಟು ನೀರು ಹಾಲು ಬೆರೆಸಿದಂತೆ ಮಸುಕಾಗುತ್ತದೆ. ತಳಕ್ಕೆ ಮುಳುಗಿದ ಮಗು ದಡದಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಆದ್ದರಿಂದ ಅತಿ ಆಳದ ಜಾಗದ ತೂಬು ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರೂ ಇಳಿಯಕೂಡದು. ಇದರಲ್ಲಿ ರಿಯಾಯಿತಿ ಬೇಡ.

ತೋಟದವರಿಗೆ ಪಿ.ಎಚ್. ಹೊಸದಲ್ಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಮೇಲೆ ಲಿಟ್ಮಸ್ ಕಾಗದವನ್ನೋ ಉಜ್ಜಿದ ಚಾಕುವನ್ನೋ ಅದ್ದಿ ನೋಡದೆ ಯಾರೂ ಸಿಂಪಡಿಸುವುದಿಲ್ಲ. ಗಿಡಕ್ಕೆ ತೋರುವ ಈ ಎಚ್ಚರಿಕೆಯನ್ನು ಮಕ್ಕಳ ಕೊಳಕ್ಕೆ ತೋರುವವರು ಕಡಿಮೆ. ಪಿ.ಎಚ್., ಕ್ಲೋರಿನ್, ಗಡಸುತನ ಮೂರನ್ನೂ ಅಳೆಯುವ ಪಟ್ಟಿಗಳು ಸಿಗುತ್ತವೆ. ಪಿ.ಎಚ್. 7.2ರಿಂದ 7.8, ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ, ಕ್ಯಾಲ್ಸಿಯಂ ಗಡಸುತನ 200ರಿಂದ 400ರೊಳಗೆ ಇದ್ದರೆ ಸರಿ. ಬರೀ ಅಬ್ಬಿ ನೀರು ತುಂಬುವುದೂ ಒಳ್ಳೆಯದಲ್ಲ, ಅಷ್ಟು ಮೆದು ನೀರು ಸಿಮೆಂಟಿನ ಸುಣ್ಣವನ್ನೇ ತಿನ್ನುತ್ತದೆ. ಎರಡನ್ನೂ ಬೆರೆಸುವುದೇ ಜಾಣತನ. ಗಡಸುತನ ಏರಿದ ಕೊಳದಿಂದ ಮೂರರಲ್ಲೊಂದು ಪಾಲು ನೀರು ತೆಗೆದು ಅಬ್ಬಿಯದ್ದೋ ಮಾಡಿನ ಮಳೆ ನೀರೋ ಸೇರಿಸಿ. ಬ್ಲೀಚಿಂಗ್ ಪೌಡರ್ ಬದಲು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿದರೆ ಸುಣ್ಣ ಸೇರುವುದು ತಪ್ಪುತ್ತದೆ. ಪಟಿಕ ಹಾಕಿದರೆ ಮಸುಕು ತಿಳಿಯಾಗಬಹುದೇ ಹೊರತು ಗಡಸುತನ ಇಳಿಯುವುದಿಲ್ಲ. ಪಾಚಿಗೆಂದು ಗೋದಾಮಿನ ಮೈಲುತುತ್ತ ತಂದು ಸುರಿಯಬೇಡಿ. ಹೊಟ್ಟೆಗೆ ಹೋದರೆ ವಾಂತಿ ಬರಿಸುವ ವಸ್ತು ಅದು.

ಪಿ.ಎಚ್. ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ಬಳಸುವ ರೂಢಿಯಿದೆ. ಇಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್ಟಿನಲ್ಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ, ಒಂದೇ ಮಗ್ಗಿನಲ್ಲಿ ಅಳೆಯಬೇಡಿ. ಆಸಿಡ್ಡಿಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಕೈಗವಸು, ಕನ್ನಡಕ ಇರಲಿ, ಕೊಳದಲ್ಲಿ ಯಾರೂ ಇರಬಾರದು. ಈ ಕೆಲಸವನ್ನು ತೋಟದ ಆಳಿಗೆ ವಿವರ ಹೇಳದೆ ಒಪ್ಪಿಸುವುದು ತಪ್ಪು.

ಯಾರಾದರೂ ಆ ಅನಿಲ ಕುಡಿದರೆ ತಕ್ಷಣ ಬಯಲು ಗಾಳಿಗೆ ಕರೆತನ್ನಿ. ಬಟ್ಟೆ ಕಳಚಿ ಮೈ ತೊಳೆಯಿರಿ. ಕಣ್ಣು ಉರಿದರೆ ಹದಿನೈದು ನಿಮಿಷ ನೀರು ಹಾಯಿಸಿ. ಕೆಮ್ಮು ನಿಂತಿತೆಂದು ಮನೆಯಲ್ಲೇ ಉಳಿಯಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ಮೇಲೂ ಆಗಬಹುದು. ಕಳಸದಂಥ ಕಡೆಯಿಂದ ಜಿಲ್ಲಾ ಆಸ್ಪತ್ರೆಗೆ ತಿರುವುಗಳ ದಾರಿಯಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಹತ್ತಿರದ ಆಸ್ಪತ್ರೆಗೆ ಮೊದಲು ತೋರಿಸಿ, ಅಲ್ಲಿಂದ ಮುಂದೆ ಹೊರಡುವುದು ಮೇಲು.

ಇನ್ನು ಅಜ್ಜಿಯ ದೂರಿಗೆ ಉತ್ತರ. ಈಜಿ ಬಂದ ಮಕ್ಕಳಿಗೆ ಅಬ್ಬಿ ನೀರಿನಲ್ಲಿ ಸ್ನಾನ ಮಾಡಿಸಿ, ಒದ್ದೆ ಮೈಯ ಮೇಲೆಯೇ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ನಾಲ್ಕು ದಿನವಾದರೂ ತುರಿಕೆ ಇಳಿಯದಿದ್ದರೆ, ಇಲ್ಲವೇ ಗುಳ್ಳೆ ಎದ್ದು ಕೀವಾದರೆ ವೈದ್ಯರಿಗೆ ತೋರಿಸಿ.